ಟಪಾಲು ಕಾರಿನ ಗೇರ್ ಲಾಕು

"ಗೇರಿನ ಪಕ್ಕದಲ್ಲಿ ಒಬ್ಬ ಪುಟ್ಟ ಕಾವಲುಗಾರ ಕೂತಿರ್ತಾನೆ. ಬ್ರೇಕ್ ಒತ್ತೋವರೆಗೂ ಗೇರು ಅಲುಗಾಡೋಕೆ ಬಿಡಲ್ಲ. ಒತ್ತಿದ್ರೆ ಟಕ್ ಅಂತಾನೆ, ದಾರಿ ಬಿಡ್ತಾನೆ. ಬೇರೆಯವರ ಕಾರಲ್ಲಿ ದಿನಕ್ಕೆ ನಾಲ್ಕೈದು ಸಲ ಎದ್ರೆ ಮುಗೀತು ಅವನ ಕೆಲಸ. ನಮ್ಮ ಟಪಾಲಮ್ಮ ಮನೆಮನೆ ಮುಂದೆ ನಿಲ್ಲಿಸಿ, ಪಾರ್ಸೆಲ್ ಕೊಟ್ಟು, ಅವರ ನಾಯೀನೂ ಮಾತಾಡಿಸ್ಕೊಂಡು ಬರ್ತಾಳೆ. ಅವನೂ ಪಾಪ ಎಷ್ಟಂತ ಏಳ್ತಾನೆ? ಆಗಲೇ ಇಬ್ಬರನ್ನ ಸಾಯಿಸಿದಾಳೆ!"

ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತ ಗೇಲನ್ ಹೀಗೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಅಮೆರಿಕದ ಉತ್ತರ ಡಕೋಟದ ಆ ಬಯಲಿನಲ್ಲಿ ಮೂವತ್ತೆಂಟು ವರ್ಷ ಗೋಧಿ ಕೊಯ್ಯುವ ಯಂತ್ರಗಳನ್ನು ರಿಪೇರಿ ಮಾಡಿದವನು. ಹೆಂಡತಿ ಆರ್ಲಿಸ್ ಸ್ವಂತ ಕಾರಿನಲ್ಲಿ ಹಳ್ಳಿಗಳಿಗೆ ಟಪಾಲು ಹಂಚುತ್ತಿದ್ದಳು. ಆ ಕಾರಿನ ರಿಪೇರಿಗೆ ಅವನನ್ನು ಬಿಟ್ಟು ಬೇರೆಯವರು ಕೈ ಹಚ್ಚಿದ್ದೇ ಇಲ್ಲ.

ಅಕ್ಟೋಬರಿನಲ್ಲಿ ಅವನಿಗೆ ಲಕ್ವ ಹೊಡೆದು ಬಲಗೈ ಸೋತಿತು. ಅಂದಿನಿಂದ ತನ್ನ ರಿಪೇರಿ ಷೆಡ್ಡಿನ ಕಡೆ ತಲೆ ಹಾಕಲಿಲ್ಲ. ಮಾರ್ಚಿನಲ್ಲಿ ಮೂರನೆಯ ಕಾವಲುಗಾರನೂ ಹೋದ; ಗೇರ್ ಲಾಕು ಕೆಟ್ಟು ಗೇರು ಅಲುಗಾಡದಾಯಿತು. "ಪೇಟೆ ವರ್ಕ್‌ಷಾಪಿಗೆ ಕೊಡು" ಎಂದ ಗೇಲನ್, ಕಿಟಕಿಯ ಕಡೆ ನೋಡುತ್ತ. ಒಮ್ಮೆ ಕಾರು ಅಲ್ಲಿಗೆ ಹೋದರೆ ಇವನು ಇನ್ನೆಂದೂ ಸ್ಪ್ಯಾನರ್ ಮುಟ್ಟುವುದಿಲ್ಲ ಎಂದು ಆರ್ಲಿಸಳಿಗೆ ಗೊತ್ತಿತ್ತು.

"ನಾನೇ ಬಿಚ್ತೀನಿ. ನೀನು ಬ್ಯಾಟರಿ ಲೈಟ್ ಹಿಡಿ" ಎಂದಳು.

"ಇಷ್ಟು ವರ್ಷ ಲೈಟ್ ಹಿಡಿದವಳು ನೀನು. ಒಂದು ದಿನಾನಾದ್ರೂ ನೆಟ್ಟಗೆ ಹಿಡಿದಿದ್ಯಾ?"

"ಅದಕ್ಕೇ ಕಲಿಸಿಕೊಡು ಬಾ."

ಬಂದ. ಅವಳು ಕಾರಿನ ಬ್ಯಾಟರಿಯ ವೈರು ಕಳಚಿ, ಗೇರಿನ ಸುತ್ತಲ ಮುಚ್ಚಳ ಎಬ್ಬಿಸಿದಳು. "ಮೆಲ್ಲಗೆ! ಸೌದೆ ಒಡೀತಿದ್ಯಾ?" ಎಂದು ಅವನು ಗದರಿದ. ಎಷ್ಟು ತಿಂಗಳಾಗಿತ್ತು ಈ ಗದರಿಕೆ ಕೇಳಿ! ಎರಡು ಸ್ಕ್ರೂ ಬಿಚ್ಚಿ ಹಳೆಯ ಲಾಕನ್ನು ತೆಗೆದಳು. ತರಿಸಿಟ್ಟಿದ್ದ ಹೊಸದನ್ನು ಕೂರಿಸಿ ವೈರಿನ ಪ್ಲಗ್ ಸಿಕ್ಕಿಸಿದಳು. ಬ್ಯಾಟರಿ ಜೋಡಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತಿರುಗಿಸಿ ಬ್ರೇಕ್ ಒತ್ತಿದಳು. ಸದ್ದಿಲ್ಲ. ಗೇರು ಕಲ್ಲಿನಂತೆ ನಿಂತಿತ್ತು.

"ನನ್ನಿಂದ ಆಗಲ್ಲ ಗೇಲನ್. ಪೇಟೆಗೇ ಕೊಡೋಣ" ಎಂದಳು. ಈ ಸಲ ಅದು ಅವನನ್ನು ಷೆಡ್ಡಿಗೆ ಎಳೆಯುವ ನಾಟಕವಾಗಿರಲಿಲ್ಲ.

"ಪೇಟೆಯವರಿಗೇನು ಎರಡು ತಲೆ ಇದ್ಯಾ? ಸರಿ ಆಚೆ." ಲೈಟನ್ನು ಅವಳ ಕೈಗೆ ಕೊಟ್ಟು ಅವನು ಒಳಕ್ಕೆ ಬಗ್ಗಿದ. ಎಡಗೈ ಬೆರಳುಗಳು ವೈರಿನ ಗುಂಟ ತಡವುತ್ತ ಹೋಗಿ ಪ್ಲಗ್ಗಿನ ಹತ್ತಿರ ನಿಂತವು. "ಅರ್ಧಕ್ಕೇ ಬಿಟ್ಟಿದೀಯಲ್ಲೇ." ಹೆಬ್ಬೆರಳಿನಿಂದ ಒತ್ತಿದ. ಜಾರಿತು. ಹಲ್ಲು ಕಚ್ಚಿ ಮತ್ತೆ ಒತ್ತಿದ. ಕೂತಿತು.

"ಈಗ ಬ್ರೇಕ್ ಒತ್ತು."

ಟಕ್. ಗೇರು ಬೆಣ್ಣೆಯ ಮೇಲಿನ ಚಾಕುವಿನಂತೆ ಸರಿಯಿತು.

"ಇಂಜಿನ್ನೂ ಇತ್ತೀಚೆಗೆ ಸ್ವಲ್ಪ ಗುರುಗುಟ್ತಿರೋ ಹಾಗಿದೆ. ನೋಡ್ತೀನಿ. ನೀನು ಹೋಗು" ಎಂದ ಗೇಲನ್.

ಇಂಜಿನ್ ಚೆನ್ನಾಗಿಯೇ ಇತ್ತು. ಆರ್ಲಿಸ್ ಲೈಟನ್ನು ಅವನ ಎಡಗೈಗೆ ಎಟಕುವಂತೆ ಇಟ್ಟಳು. ಒಳಗೆ ಹೋಗಿ, ಸಿಂಕಿನ ಮುಂದೆ ನಿಂತು, ರಾತ್ರಿಯ ಊಟಕ್ಕೆ ಆಲೂಗಡ್ಡೆಯ ಸಿಪ್ಪೆ ತೆಗೆಯತೊಡಗಿದಳು.