ರಾಗಿ ತೆನೆಯ ಗಿಣಿ

ಅಪ್ಪ ಸೀರೆ ನೇಯುತ್ತಿರಲಿಲ್ಲ, ಸೀರೆಯ ಚಿತ್ತಾರ ಬರೆಯುತ್ತಿದ್ದರು. ಪಾವಗಡದ ಕಡೆಯ ನಮ್ಮ ನೇಕಾರರ ಬೀದಿಯಲ್ಲಿ, ಅವರು ಗ್ರಾಫ್ ಹಾಳೆಯ ಚೌಕಗಳಲ್ಲಿ ತುಂಬಿಸಿದ ಅಂಚುಗಳೇ ಮಗ್ಗಕ್ಕೇರುತ್ತಿದ್ದವು. ಬೇರೆ ಊರುಗಳ ಚಿತ್ತಾರದವರು ಗಿಣಿಯ ಕೊಕ್ಕಿಗೆ ಮಾವಿನಹಣ್ಣು ಕೊಟ್ಟರೆ ಅಪ್ಪ ರಾಗಿ ತೆನೆ ಕೊಟ್ಟರು. "ನಮ್ ಗಿಣಿ ತಿನ್ನೋದು ಅದನ್ನೇ ಅಲ್ವೇನಮ್ಮ" ಎನ್ನುತ್ತಿದ್ದರು.

ಆ ಗಿಣಿಯೇ ಅವರ ಕೊನೆಯ ಕೆಲಸ. ಬರೆದು ಮುಗಿಸುವ ಹೊತ್ತಿಗೆ ಸಕ್ಕರೆ ಕಾಯಿಲೆ ಅವರ ದೃಷ್ಟಿಯನ್ನು ಬಹುಪಾಲು ತಿಂದುಹಾಕಿತ್ತು. ಹಾಳೆ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವುದು ನನ್ನ ಪಾಲಿಗೆ ಬಂತು. ಒಂದು ಕಾರ್ಡೆಂದರೆ ನೇಯ್ಗೆಯ ಒಂದು ಸಾಲು; ಹಾಳೆಯಲ್ಲಿ ತುಂಬಿದ ಚೌಕಕ್ಕೆ ತೂತು, ಖಾಲಿ ಚೌಕಕ್ಕೆ ಇಲ್ಲ. ಕಾರ್ಡುಗಳ ಸರ ಮಗ್ಗದ ಮೇಲೆ ಸುತ್ತಿ ಸುತ್ತಿ ಬರುವುದರಿಂದ, ಒಂದರಲ್ಲಿ ತಪ್ಪಿದರೆ ಸೀರೆಯುದ್ದಕ್ಕೂ ಅದೇ ತಪ್ಪು. ನಾನೋ ಆತುರದವಳು.

ಸರ ಒಯ್ಯಲು ಬಂದ ನೇಕಾರ ಬಾಗಿಲಲ್ಲೇ ನಿಂತ. ಅಪ್ಪನ ಕಾಲ ಮುಗಿಯಿತೆಂದು ಬೀದಿಯಲ್ಲಿ ಆಡಿಕೊಳ್ಳುತ್ತಿದ್ದವರಲ್ಲಿ ಅವನೂ ಒಬ್ಬ.

"ಇರಪ್ಪ" ಎಂದ ಅಪ್ಪ ಸರವನ್ನು ತೊಡೆಯ ಮೇಲೆಳೆದುಕೊಂಡು, ಒಂದೊಂದೇ ಕಾರ್ಡಿನ ಮೇಲೆ ಹೆಬ್ಬೆರಳು ಆಡಿಸತೊಡಗಿದರು. ಅವನೆದುರು ನಗೆಪಾಟಲಾಗುತ್ತಾರಲ್ಲ ಎಂದು ನನಗೆ ಸಿಟ್ಟು, ಸಂಕಟ.

"ನಾನು ನೋಡಿವ್ನಿ, ಬುಡಪ್ಪ" ಎಂದೆ.

ಒಂದು ಕಾರ್ಡಿನ ಮೇಲೆ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು.

"ಇಲ್ಲಿ ತೂತು ಇರ್ಬಾರ್ದು ಅಮ್ಮಾಯಿ. ಇದು ಕಣ್ಣಿನ ಜಾಗ."

ಹಾಳೆ ತೆಗೆದು ಎಣಿಸಿದೆ. ಗಿಣಿಯ ಮೈಯೆಲ್ಲ ತುಂಬಿಸಿ, ಕಣ್ಣಿಗೆಂದು ಅವರು ಖಾಲಿ ಬಿಟ್ಟಿದ್ದ ಒಂದೇ ಒಂದು ಚೌಕಕ್ಕೂ ನಾನು ತೂತು ಹೊಡೆದಿದ್ದೆ. ಸೀರೆ ತುಂಬ ಕುರುಡು ಗಿಣಿಗಳಾಗುತ್ತಿದ್ದವು. ಇಡೀ ಹಾಳೆ ಅವರ ಬೆರಳಲ್ಲಿತ್ತು. ನಾನು ಬೆರಗಾಗಿ ಕೂತುಬಿಟ್ಟೆ. ನೇಕಾರ ಚಪ್ಪಲಿ ಬಿಟ್ಟು ಒಳಗೆ ಬಂದು ಅವರ ಕಾಲ ಬಳಿ ಕೂತ.

ಅಪ್ಪ ಕಾಗದದ ಚೂರಿಗೆ ಗೋಂದು ಹಚ್ಚಿ ತೂತು ಮುಚ್ಚಿದರು. "ನಂಗೆ ಕಾಣ್ದಿದ್ರೆ ಹೋಗ್ಲಿ, ಅದಕ್ಕಾದ್ರೂ ಕಾಣ್ಲಿ" ಎಂದರು.

ಅಪ್ಪ ಹೋಗಿ ವರ್ಷಗಳಾದವು. ಮೊನ್ನೆ ಶಿರಾದ ಕಲ್ಯಾಣ ಮಂಟಪವೊಂದರಲ್ಲಿ ಊಟದ ಹಾಲಿಗೆ ಕಾಲಿಟ್ಟವಳು ಅಲ್ಲೇ ನಿಂತೆ. ಗೋಡೆಗೆ ಹೊಸ ವಾಲ್‌ಪೇಪರ್. ಅದರ ತುಂಬ ಗಿಣಿಗಳು, ಕೊಕ್ಕಿನಲ್ಲಿ ರಾಗಿ ತೆನೆ. ಯಾರೋ ಯಾವುದೋ ಸೀರೆ ನೋಡಿ ಕದ್ದಿದ್ದಾರೆ ಎಂದು ಮೈ ಉರಿಯಿತು. ಮಂಟಪದವರನ್ನು ಕೇಳಿದೆ.

"ಆನ್‌ಲೈನಲ್ಲಿ ತರ್ಸಿದ್ದು ಮೇಡಂ. ಚೆನ್ನಾಗೈತಲ್ವಾ?"

ಚೆನ್ನಾಗಿತ್ತು. ನೆಲದಿಂದ ಸೂರಿನವರೆಗೆ ಅಪ್ಪನ ಗಿಣಿಗಳೇ. ಜನ ನೋಡುತ್ತಿದ್ದರೂ ಹತ್ತಿರದ ಒಂದರ ಮೇಲೆ ಹೆಬ್ಬೆರಳು ಆಡಿಸಿದೆ. ಕಾಗದ ನುಣುಪಾಗಿತ್ತು, ಬೆರಳಿಗೆ ಏನೂ ಸಿಗಲಿಲ್ಲ. ಕಣ್ಣೊರೆಸಿಕೊಂಡು ನೋಡಬೇಕಾಯಿತು. ಕಣ್ಣಿನ ಜಾಗದಲ್ಲಿ ಒಂದು ಚೌಕ ಖಾಲಿಯಿತ್ತು.