ಅಳಿಸಿದ ಡಿಸ್ಕಿನಲ್ಲಿ ಕೇಳಿದ ನಗು

ಕಣ್ಣಿಗೆ ಕಾಣದ ಕೈವಾಡಗಳ ಮಾತು ಬಂದರೆ ನಾನು ಮೊದಲಿನಿಂದಲೂ ನಗುವ ಗುಂಪಿಗೆ ಸೇರಿದವನು. ಯಾರಾದರೂ ಇಂಥ ಕಥೆ ಶುರುಮಾಡಿದರೆ, ಆಗ ಕರೆಂಟ್ ಹೋಗಿತ್ತಾ ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೆ. ಈಗ ನನಗೇ ಒಂದು ಕಥೆ ಅಂಟಿಕೊಂಡಿದೆ. ಅದೂ ರಾತ್ರಿಯದಲ್ಲ, ಹಾಡಹಗಲಿನದು. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ.

ನನ್ನ ಕೆಲಸ ಹಳೆಯ ಡಿಸ್ಕುಗಳನ್ನು ಅಳಿಸುವುದು. ಆಫೀಸು, ಆಸ್ಪತ್ರೆಗಳವರು ತಮ್ಮ ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳನ್ನು ಬೇರೆಯವರಿಗೆ ಕೊಡುವ ಮುನ್ನ ನನ್ನನ್ನು ಕರೆಯುತ್ತಾರೆ. ಡಿಲೀಟ್ ಒತ್ತಿದರೆ ಎಲ್ಲ ಹೋಯಿತೆಂದು ಬಹಳ ಜನ ತಿಳಿದಿದ್ದಾರೆ. ಹೋಗುವುದು ಹೆಸರು ಮಾತ್ರ. ಒಳಗಿನ ಸರಕು ಹಾಗೇ ಇರುತ್ತದೆ, ಬಲ್ಲವರು ಅಗೆದು ತೆಗೆಯಬಹುದು. ಅದಕ್ಕೇ ನಾನು ಗೋಡೆಯ ಬರಹಕ್ಕೆ ಸುಣ್ಣ ಬಳಿದಂತೆ ಡಿಸ್ಕಿನ ಮೂಲೆಮೂಲೆಗೂ ಸೊನ್ನೆ ಬರೆದು, ಆಮೇಲೆ ಪೂರ್ತಿ ಓದಿ ನೋಡುತ್ತೇನೆ.

ಕೆಲವು ವರ್ಷಗಳ ಹಿಂದೆ ಕುಂದಗೋಳದ ಕಡೆಯ ಒಂದು ಸಣ್ಣ ಸಮುದಾಯ ರೇಡಿಯೋದವರು ಕರೆದರು. ಅಲ್ಲಿ ನೀಲಕ್ಕ ಎಂಬುವವರು ಹೆಂಗಸರ ಕಷ್ಟಸುಖದ ಕಾರ್ಯಕ್ರಮ ನಡೆಸುತ್ತಿದ್ದರು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ಅವರ ಮುಂದೆ ಹೇಳಿಕೊಂಡು, ಅತ್ತು ಹಗುರಾಗುತ್ತಿದ್ದರು. ಪ್ರಸಾರದಲ್ಲಿ ರೇಡಿಯೋದವರು ಅವರ ದನಿ ಬದಲಿಸುತ್ತಿದ್ದರು. ಮೂಲ ದನಿ ಮಾತ್ರ ಡಿಸ್ಕುಗಳಲ್ಲೇ ಉಳಿದಿತ್ತು. ಈಗ ಆ ಡಿಸ್ಕುಗಳಿದ್ದ ಪೆಟ್ಟಿಗೆ ಊರಿನ ಹೈಸ್ಕೂಲಿಗೆ ಹೋಗುವುದಿತ್ತು. ಒಂದು ದನಿ ಹೊರಬಿದ್ದರೂ ಯಾರದೋ ಸಂಸಾರ ಬೀದಿಗೆ ಬರುತ್ತಿತ್ತು.

"ಅವರಿಗೆಲ್ಲಾ ನಾ ಮಾತು ಕೊಟ್ಟೇನಿ ತಮ್ಮಾ. ಒಂದ ಉಸುರೂ ಉಳಿಬಾರದು ನೋಡು," ಎಂದರು ನೀಲಕ್ಕ.

ಅಳಿಸಿದೆ. ಓದಿ ನೋಡಿದೆ. ಬರೀ ಸೊನ್ನೆ. ಪೆಟ್ಟಿಗೆ ಖಾಲಿ ಎಂದಾಗ ನೀಲಕ್ಕನ ಮುಖ ಅರಳಿತು, ಮರುಕ್ಷಣವೇ ಮತ್ತೊಂದು ಚಿಂತೆ ಹತ್ತಿತು. "ಖಾಲಿ ಡಬ್ಬಿ ಹಂಗ ಕೊಡಬಾರದಪಾ. ಏನರೆ ಹಾಕಿ ಕಳಸಬೇಕು."

"ಅಕ್ಕಾರ, ಇದರಾಗ ಏನರೆ ಹಾಕಿದ್ರ ನನ್ನ ಕೆಲಸಾನ ಹೋಗ್ತೈತ್ರಿ!"

ಅವರು ಕೇಳಬೇಕಲ್ಲ. ಒಂದು ಚೂರು ಬೆಲ್ಲವನ್ನು ಪೆಟ್ಟಿಗೆಯ ಮೇಲಿಟ್ಟು ಕೈ ಮುಗಿದರು. ಅವರು ಆಚೆ ಹೋದೊಡನೆ ಇರುವೆಗಳ ಭಯಕ್ಕೆ ಅದನ್ನು ನಾನೇ ಬಾಯಿಗೆ ಹಾಕಿಕೊಂಡು, ಪೆಟ್ಟಿಗೆಗೆ ಸೀಲು ಹಚ್ಚಿ ಕಳಿಸಿದೆ.

ಮರುದಿನ ಶಾಲೆಯ ಕಂಪ್ಯೂಟರ್ ಮಾಸ್ತರರ ಫೋನು ಬಂತು. "ಸರ್, ಸೀಲ್ ಈಗ ಒಡದೇನ್ರಿ. ಒಳಗ ಒಂದು ಆಡಿಯೋ ಫೈಲ್ ಐತಲ್ರೀ. ನಾ ಏನ ಕೇಳಿಲ್ಲ ಮತ್ತ."

ನೀಲಕ್ಕನಿಗೆ ವಿಷಯ ಹೇಳಿ, ಅವರನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಶಾಲೆಗೆ ಓಡಿದೆ. ಅವರು ಕೊಟ್ಟ ಮಾತನ್ನು ನಾನು ಮುರಿದೆನಲ್ಲ ಎಂಬ ನಾಚಿಕೆ ದಾರಿಯುದ್ದಕ್ಕೂ ಕಾಡಿತು. ಮಾಸ್ತರರು ಒಳ್ಳೆಯವರು, ನಮ್ಮನ್ನು ಒಳಗೆ ಬಿಟ್ಟು ಬಾಗಿಲೆಳೆದುಕೊಂಡು ಕ್ಲಾಸಿಗೆ ಹೋದರು.

ಫೈಲು ತೆರೆದೆ. ಒಬ್ಬ ಹೆಂಗಸು ನಗುತ್ತಿದ್ದಳು. ಮಾತಿಲ್ಲ, ಹೆಸರಿಲ್ಲ, ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದಂತೆ ನಗುವ ನಗು. ಅಷ್ಟು ಹೆದರಿದ್ದರೂ ನನಗೆ ನಗು ತಡೆಯಲಾಗಲಿಲ್ಲ. ನೀಲಕ್ಕ ಮಾತ್ರ ನಗದೆ ಸ್ಪೀಕರಿಗೆ ಕಿವಿ ಹಚ್ಚಿದರು.

"ಈ ದನಿ ನನಗ ಗೊತ್ತೈತಿ. ಶಲವಡಿ ಊರಾಕಿ. ಆದ್ರ ಆಕಿ ನಮ್ಮಲ್ಲೆ ಬಂದಾಗೆಲ್ಲಾ ಬರೇ ಅತ್ತಾಳ ತಮ್ಮಾ. ಒಮ್ಮಿನೂ ನಕ್ಕಿಲ್ಲ."

ಅಂದರೆ ಅದು ಅಳಿಸದೆ ಉಳಿದದ್ದಲ್ಲ, ಅಲ್ಲಿ ಎಂದೂ ಇರದಿದ್ದದ್ದು. ನನ್ನ ವಿದ್ಯೆಯೆಲ್ಲ ಅಲ್ಲಿಗೆ ಮುಗಿಯಿತು. ಅಳಿಸಿಬಿಡಲೇ ಎಂದು ಕೇಳಿದೆ.

"ತಡಿ, ಆಕೀನ ಕೇಳೂಣು," ಎಂದು ನೀಲಕ್ಕ ಫೋನು ಹಚ್ಚಿದರು. ನಡೆದದ್ದನ್ನೆಲ್ಲ ಹೇಳಿ, ಫೋನನ್ನು ಸ್ಪೀಕರಿನ ಹತ್ತಿರ ಹಿಡಿದರು. ಈಗ ಬೈಗುಳ ಬರುತ್ತದೆಂದು ನಾನು ಕಾದೆ. ಬದಲಿಗೆ ಫೋನಿನಿಂದಲೂ ಅದೇ ನಗು ಕೇಳಿತು. ಸ್ವಲ್ಪ ಹೊತ್ತು ಎರಡೂ ನಗು ಜೊತೆಯಾಗಿ ನಡೆದವು.

"ನನ್ನ ಅಳು ಎಲ್ಲಾ ಹೋತೇನ್ರಿ ಅಕ್ಕಾರ?" ಎಂದಳು ಕೊನೆಗೆ.

"ಹೋತವ್ವಾ. ಒಂದ ಹನಿ ಉಳದಿಲ್ಲ."

"ಹಂಗಾರ ಇದನ್ನ ನನಗ ಕಳಸ್ರಿ. ನಾ ಹಿಂಗ ನಗತೇನಂತ ನನಗ ಗೊತ್ತ ಇರಲಿಲ್ಲ."

ಅವಳ ಫೋನಿಗೆ ಕಳಿಸಿ, ನೀಲಕ್ಕನ ಕಣ್ಣೆದುರಿಗೇ ಡಿಸ್ಕನ್ನು ಮತ್ತೊಮ್ಮೆ ಅಳಿಸಿದೆ. ಬರೀ ಸೊನ್ನೆ ಬಂತು. ಸೊನ್ನೆ ನೋಡಿ ನನಗೆ ಬೇಸರವಾದದ್ದು ಅದೊಂದೇ ಸಲ.

ಆ ನಗು ಎಲ್ಲಿಂದ ಬಂತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನೀಲಕ್ಕ ಹೇಳುವ ಪ್ರಕಾರ, ಆ ಶಲವಡಿಯವಳು ಈವರೆಗೆ ಆ ಪ್ರಶ್ನೆಯನ್ನೇ ಕೇಳಿಲ್ಲ. ತನ್ನದೇ ತಾನೇ ಎಂದು ಇಟ್ಟುಕೊಂಡುಬಿಟ್ಟಿದ್ದಾಳೆ.