ಎರಡು ಪಾಲು ಸಿಲಿಕಾ

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ತೊಂಬತ್ತರ ದಶಕದ ಕೊನೆಯಲ್ಲಿ, ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತ ಶಿವಮೊಗ್ಗದ ಗೋಪಾಳದಲ್ಲಿ ಕೋಣೆ ಮಾಡಿಕೊಂಡಿದ್ದೆ. ಭಾನುವಾರಗಳಲ್ಲಿ ಭದ್ರಾವತಿಗೆ ಬರುತ್ತಿದ್ದೆ. ಅಪ್ಪ ಅಲ್ಲಿನ ಸಣ್ಣ ಫೌಂಡ್ರಿಯೊಂದರಲ್ಲಿ ಎರಕಕ್ಕೆ ಮರಳಿನ ಅಚ್ಚು ಕಟ್ಟುತ್ತಿದ್ದರು. ಆ ವರ್ಷ ಅವರ ಕೆಮ್ಮು ನಿಲ್ಲಲೇ ಇಲ್ಲ. ಎಕ್ಸ್‌ರೇ ತೆಗೆಸೋಣವೆಂದರೆ ಮಾತು ಮರೆಸುತ್ತಿದ್ದರು.

ಒಂದು ಭಾನುವಾರ ನನ್ನ ಸೆಮಿನಾರಿನ ವಿಷಯವನ್ನು ಅವರೆದುರು ಒಪ್ಪಿಸಿದೆ. ಹೀಲಿಯಂ-3 ಅನ್ನು ಇನ್ನು ತಣಿಸಲಾಗದೆನ್ನುವ ಅಂಚಿಗೆ ಒಯ್ದರೆ, ಆ ದ್ರವದ ಪರಮಾಣುಗಳು ಜೋಡಿಗೂಡಿ ಯಾವ ತಡೆಯೂ ಇಲ್ಲದೆ ಹರಿಯುತ್ತವೆ. ಅದನ್ನು ಏರೋಜೆಲ್ ಎಂಬ ಸ್ಪಂಜಿನಂಥ ವಸ್ತುವಿನೊಳಗೆ ತುಂಬಿದಾಗ, ಒಳಗಿನ ಸೂಕ್ಷ್ಮ ಎಳೆಗಳೇ ಕಲ್ಮಶದಂತೆ ವರ್ತಿಸುತ್ತವೆ. ಪರಮಾಣುಗಳು ಅವಕ್ಕೆ ಬಡಿದು ಚದುರುತ್ತವೆ, ಜೋಡಿಗಳು ಮುರಿಯುತ್ತವೆ. ಎಳೆ ದಟ್ಟವಾದಷ್ಟೂ ಆ ಹರಿವು ಕುಂದಿ, ಕೊನೆಗೆ ಇಲ್ಲವಾಗುತ್ತದೆ.

"ಆ ಎಳೆ ಯಾತರದ್ದು?" ಎಂದರು ಅಪ್ಪ.

"ಸಿಲಿಕಾ. ನಿಮ್ಮ ಮರಳಿನ ಜಾತೀನೇ. ನೂರಕ್ಕೆ ಎರಡು ಪಾಲು ಅಷ್ಟೇ, ಮಿಕ್ಕಿದ್ದೆಲ್ಲ ಖಾಲಿ."

"ಎರಡೇ ಪಾಲಿಗೆ ಇಷ್ಟು ಆಟ ಆಡಿಸುತ್ತಾ ಮಾರಾಯ್ತಿ? ನಾನು ಇಪ್ಪತ್ತು ವರ್ಷದಿಂದ ಅದರ ಧೂಳು ಕುಡೀತಿದೀನಿ."

ನಕ್ಕರು. ನಗು ಕೆಮ್ಮಿಗೆ ತಿರುಗಿ ಬಹಳ ಹೊತ್ತು ಬಿಡಲಿಲ್ಲ. ನಾನು ಅವಸರದಿಂದ ಮುಂದುವರಿದೆ: ಆ ಎಳೆಗಳ ಮೇಲೆ ಹೀಲಿಯಂ-4ರ ತೆಳು ಲೇಪ ಕೂತರೆ, ಚದುರುವ ರೀತಿ ಬದಲಾಗುತ್ತದೆ.

"ನಮ್ ಬೆಲ್ಲ ಇದ್ದಂಗೆ ಅನ್ನು."

ಪಾಳಿ ಮುಗಿದ ಮೇಲೆ ಫೌಂಡ್ರಿಯವರೆಲ್ಲ ಒಂದೊಂದು ತುಂಡು ಬೆಲ್ಲ ತಿನ್ನುತ್ತಿದ್ದರು. ಬೆಲ್ಲ ಒಳಗೆ ಲೇಪದಂತೆ ಕೂತು ಧೂಳು ಎದೆಗೆ ಅಂಟುವುದಿಲ್ಲವೆಂಬ ನಂಬಿಕೆ. ಅಲ್ಲವೆನ್ನಬೇಕಿತ್ತು. ನನ್ನ ಓದು ಅಪ್ಪನಿಗೂ ಅರ್ಥವಾಯಿತೆಂಬ ಹಿಗ್ಗಿನಲ್ಲಿ, "ಹೆಚ್ಚುಕಡಿಮೆ ಹಂಗೇ ಅಪ್ಪ" ಎಂದೆ.

ಸೆಮಿನಾರಿನಲ್ಲಿ ಒಂದು ಪದವೂ ತಪ್ಪಲಿಲ್ಲ. ಆದರೆ ಆ ಭಾನುವಾರದಿಂದ ಎಕ್ಸ್‌ರೇ ಮಾತೆತ್ತಿದರೆ ಅಪ್ಪನ ಉತ್ತರ ಸಿದ್ಧವಿರುತ್ತಿತ್ತು: "ನಿನ್ ಸೈನ್ಸೇ ಹೇಳುತ್ತಲ್ಲ."

ಮರುವರ್ಷ ನಾಲ್ಕು ಮೆಟ್ಟಿಲಿಗೇ ಉಸಿರು ಕಟ್ಟತೊಡಗಿದಾಗ ಶಿವಮೊಗ್ಗದ ವೈದ್ಯರಲ್ಲಿಗೆ ಬಂದರು. ವೈದ್ಯರು ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡೂ ಶ್ವಾಸಕೋಶಗಳ ತುಂಬ ಬಿಳಿಯ ಸಣ್ಣ ಚುಕ್ಕೆಗಳು.

"ವರ್ಷದ ಹಿಂದೇನೇ ಆ ಕೆಲಸ ಬಿಡಬೇಕಿತ್ತು. ಇದಿನ್ನು ವಾಸಿಯಾಗಲ್ಲ" ಎಂದರು ವೈದ್ಯರು.

"ಬೆಲ್ಲ ತಪ್ಪಿಸಿಲ್ಲ ಸಾರ್. ಒಳಗೆ ಲೇಪ ಆಗುತ್ತೆ ಅಂತ ನಮ್ ಹುಡುಗಿ ಓದಿ ಹೇಳಿದಾಳೆ."

ವೈದ್ಯರು ನನ್ನತ್ತ ನೋಡಿದರು. ಬೆಲ್ಲ ಶ್ವಾಸಕೋಶಕ್ಕೆ ಹೋಗುವುದೇ ಇಲ್ಲ, ನಾನು ಹೇಳಿದ್ದು ತಪ್ಪು ಎಂದೆ.

ಅಪ್ಪ ಸಿಟ್ಟಾಗಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಕೈ ಮಾತ್ರ ನಿಂತಿತು.

"ಫೌಂಡ್ರೀಲಿ ಎಲ್ಲರಿಗೂ ಹೇಳಿಬಿಟ್ಟಿದೀನಲ್ಲವ್ವ" ಎಂದರು.